ತುಳುವಿನಿಂದ ಕನ್ನಡಕ್ಕೆ

ಚೀನದ ಗಡಿಯ ನೇಫಾದ ಯುದ್ಧದಿಂದ ಮರಳಿದ ಚಿನ್ನಯ್ಯನನ್ನು ಪುಂಜಾಲಕಟ್ಟೆಯ ಶಾಲೆಯ ಜಗಲಿಗೆ ಹತ್ತಿಸಿ, ಕೊರಳಿಗೆ ಸೇವಂತಿಗೆ ಮಾಲೆ ಹಾಕಿ, ಇನ್ನು ನಾಲ್ಕು ಮಾತಾಡಬೇಕು ಎಂದು ಸಭೆ ಏರ್ಪಡಿಸಿದ್ದ ಊರ ಮುಖಂಡ ಲೋಕನಾಥ ಶೆಟ್ಟರು ಅಪ್ಪಣೆ ಕೊಟ್ಟರು. ಕನ್ನಡದಲ್ಲಿ ಭಾಷಣ ಮಾಡಲು ತನಗೆ ಬರುವುದಿಲ್ಲ, ತುಳುವಿನಲ್ಲಾದರೆ ಹೇಳಬಹುದು ಎಂದ ಚಿನ್ನಯ್ಯ. ಸಭೆಯಲ್ಲಿದ್ದವರ ಮನೆಮಾತೇ ತುಳು. ಆದರೂ ಅದನ್ನು ಕನ್ನಡಕ್ಕೆ ಅನುವಾದಿಸುವ ಹೊಣೆಯನ್ನು ಶೆಟ್ಟರು ತಾವಾಗಿ ಹೊತ್ತುಕೊಂಡರು. ಮಂಗಳೂರಿನಿಂದ ಪತ್ರಿಕೆಯವನೊಬ್ಬ ಬಂದಿದ್ದ. ಮೇಲಾಗಿ, ವೀರರಸಕ್ಕೆ ಕನ್ನಡವೇ ಸರಿ ಎಂಬುದು ಶೆಟ್ಟರ ನಂಬಿಕೆ.

ಚಾರ್ಮಾಡಿ ಘಾಟಿಯನ್ನು ಒಮ್ಮೆಯೂ ದಾಟದೆ, ರೇಡಿಯೋದ ಮುಂದೆ ಕುಳಿತೇ ಚೀನದವರನ್ನು ಹಿಮ್ಮೆಟ್ಟಿಸಿದವರು ಶೆಟ್ಟರು. ಚಿನ್ನಯ್ಯ ಆಸ್ಪತ್ರೆಯಿಂದ ಬಿಡುಗಡೆಯಾಗಿ ಊರಿಗೆ ಬಂದ ವಾರದಲ್ಲೇ ಅವನನ್ನು ಕರೆಸಿ, ಯುದ್ಧ ಹೇಗೆ ನಡೆಯಿತೆಂದು ಅವನಿಗೇ ವಿವರಿಸಿದ್ದರು. ಅವನು ತಲೆಯಾಡಿಸುತ್ತ ಕೇಳಿದ್ದ. ಮನೆಯಲ್ಲಿ ಹೆಂಡತಿ ಕಾಂತಿ ಬಿಸಿ ಗಂಜಿ ಬಡಿಸಿದರೆ ಬಟ್ಟಲನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದು, ಅದು ಆರುವ ತನಕ ಹಾಗೆಯೇ ಕೂತಿರುತ್ತಿದ್ದ. ಉಣ್ಣುವುದು ಆಮೇಲೆ, ಉಂಡರೆ.

ಅವನ ಜೊತೆಯಲ್ಲೇ ಸೈನ್ಯ ಸೇರಿ, ಅಲ್ಲಿಯೇ ಉಳಿದುಹೋದವನು ಕೊಕ್ಕಡದ ಚನಿಯಪ್ಪ. ಅವನ ತಾಯಿಯನ್ನೊಮ್ಮೆ ಮಾತಾಡಿಸಿ ಬನ್ನಿ ಎಂದು ಕಾಂತಿ ಹೇಳುತ್ತಲೇ ಇದ್ದಳು. ಚಿನ್ನಯ್ಯ ಹೊರಟದ್ದೂ ಉಂಟು. ಬೆಳ್ತಂಗಡಿಯಲ್ಲಿ ಇಳಿದು, ಕೊಕ್ಕಡದ ಬಸ್ಸು ಎದುರಿಗೆ ಬಂದು ನಿಂತಾಗ ಹತ್ತದೆ, ಬಂದ ದಾರಿಯಲ್ಲೇ ಹಿಂದಿರುಗಿದ್ದ.

ಆ ತಾಯಿ ಪೂವಮ್ಮ ಈಗ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ವೀರಮಾತೆ ಇಲ್ಲದಿದ್ದರೆ ಸಭೆಗೆ ಕಳೆ ಬರುವುದಿಲ್ಲವೆಂದು ಶೆಟ್ಟರು ಜೀಪು ಕಳುಹಿಸಿ ಕರೆಸಿದ್ದರು. ಚಿನ್ನಯ್ಯನಿಗೆ ಈ ವಿಷಯ ತಿಳಿಸಬೇಕೆಂದು ಯಾರಿಗೂ ತೋರಿರಲಿಲ್ಲ.

ಚಿನ್ನಯ್ಯ ಅವಳ ಮುಖ ತಪ್ಪಿಸಿ ಮಾವಿನ ಮರದ ಕಡೆ ನೋಡುತ್ತ ಶುರುಮಾಡಿದ. ಗುಂಡು ಮುಗಿಯಿತು, ಹಿಂದೆ ಸರಿಯಲು ಹೇಳಿದರು, ಗುಡ್ಡ ಇಳಿದು ಕಾಡಿನಲ್ಲಿ ಓಡಿದೆವು ಎಂದ. "ವೈರಿಗಳನ್ನು ಉಪಾಯವಾಗಿ ದಟ್ಟಾರಣ್ಯಕ್ಕೆ ಸೆಳೆದೊಯ್ದರು" ಎಂದರು ಶೆಟ್ಟರು. ಚಪ್ಪಾಳೆ ಬಿತ್ತು. ದಿನಗಟ್ಟಲೆ ತಿನ್ನಲಿಕ್ಕೆ ಏನೂ ಸಿಗಲಿಲ್ಲ ಎಂದ. ಅದು ಕನ್ನಡಕ್ಕೆ ಬರುವಾಗ ಉಪವಾಸವ್ರತವಾಯಿತು. ಕಾಲಿಗೆ ಕ್ಯಾನ್ವಾಸಿನ ಬೂಟು, ಮೈಗೆ ಹತ್ತಿಯ ಅಂಗಿ, ಸುತ್ತ ಹಿಮ ಎಂದ. ಶೆಟ್ಟರು ತುಸು ತಡವರಿಸಿದರು, ಆದರೆ ಅನುಭವಸ್ಥರು. "ಹಿಮವಂತನ ಮಡಿಲಲ್ಲಿ ಋಷಿಗಳಂತೆ ಸರಳ ಉಡುಪಿನಲ್ಲಿದ್ದರು" ಎಂದರು. ಇದಕ್ಕೆ ಮೊದಲಿಗಿಂತಲೂ ಜೋರು ಚಪ್ಪಾಳೆ. ಪತ್ರಿಕೆಯವನು ಬರೆದುಕೊಂಡ.

ಚಪ್ಪಾಳೆ ನಿಂತಾಗ ಪೂವಮ್ಮ ಕುಳಿತಲ್ಲಿಂದಲೇ ಕೇಳಿದಳು.

"ಮಗಾ, ನಮ್ಮ ಚನಿಯಪ್ಪನಿಗೆ ಗುಂಡು ಎಲ್ಲಿಗೆ ತಾಗಿದ್ದು?"

ಚಿನ್ನಯ್ಯ ಜಗಲಿಯಿಂದ ಇಳಿದು ಬಂದ. ಕೊರಳಿನ ಮಾಲೆಯನ್ನು ತೆಗೆದು ಬದಿಗಿಟ್ಟು, ಅವಳ ಬೆಂಚಿನ ಎದುರು ನೆಲದ ಮೇಲೆ ಕುಳಿತ.

"ಗುಂಡು ತಾಗಲಿಲ್ಲ ಅಮ್ಮಾ. ಚಳಿ. ಸ್ವಲ್ಪ ಕೂತು ಹೋಗುವ ಅಂತ ಮರದ ಬುಡದಲ್ಲಿ ಕೂತ. ಮತ್ತೆ ಏಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ."

"ಏನಾದರೂ ಹೇಳಿದನಾ?"

"ಬೀಡಿ ಉಂಟಾ ಅಂತ ಕೇಳಿದ. ನನ್ನ ಹತ್ತಿರ ಒಂದಿತ್ತು, ಕೊಟ್ಟೆ. ಬೆಂಕಿಪೆಟ್ಟಿಗೆ ಹಿಮದಲ್ಲಿ ನೆನೆದು ಚಂಡಿಯಾಗಿತ್ತು. ಹೊತ್ತಿಸದೆ ಹಾಗೆಯೇ ಬಾಯಿಗಿಟ್ಟುಕೊಂಡ."

"ಬಾಯಲ್ಲಿ ತಾಯ್ನಾಡಿನ ಹೆಸರಿಟ್ಟುಕೊಂಡೇ ಪ್ರಾಣ ಬಿಟ್ಟ" ಎಂದರು ಮೇಲಿನಿಂದ ಶೆಟ್ಟರು. ಚಪ್ಪಾಳೆಗಾಗಿ ಕಾದರು. ಯಾರೋ ಒಬ್ಬರು ಎರಡು ಸಲ ತಟ್ಟಿ, ಅಕ್ಕಪಕ್ಕ ನೋಡಿ ನಿಲ್ಲಿಸಿದರು.

ಪೂವಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗನ ಸಾವಿನ ತಂತಿ ಬಂದ ದಿನದಿಂದ ಬಂದವರೆಲ್ಲ ಅವಳಿಗೆ ಒಬ್ಬ ವೀರನ ವಿಷಯ ಹೇಳುತ್ತಿದ್ದರು. ಮಗನ ವಿಷಯ ಹೇಳಿದವನು ಇವನೇ ಮೊದಲು.

"ಅವನು ಬೀಡಿ ಎಳೀತಿದ್ದನಾ?" ಎಂದಳು.

"ಹೌದಮ್ಮಾ. ನಿಮಗೆ ಗೊತ್ತಾಗಬಾರದು ಅಂತ ರಜೆಗೆ ಬರುವಾಗ ಬಾಯಿಗೆ ಏಲಕ್ಕಿ ಹಾಕಿಕೊಳ್ಳುತ್ತಿದ್ದ."

ಅವಳ ಮುಖದಲ್ಲಿ ನಗುವಿನ ಹಾಗೆ ಏನೋ ಬಂದು, ಅರ್ಧಕ್ಕೇ ಮುರಿಯಿತು. "ಬೊಜ್ಜದ ದಿನ ಎಡೆ ಇಡುವಾಗ ಅವನ ಎಲೆಗೆ ಅವನಿಗೆ ಬೇಕಾದ್ದೆಲ್ಲ ಬಡಿಸಿದೆ, ಮಗಾ. ಬೀಡಿ ಇಡಲಿಲ್ಲ. ನನಗೆ ಗೊತ್ತೇ ಇರಲಿಲ್ಲ."

ಚಿನ್ನಯ್ಯ ಅವಳ ಮೊಣಕಾಲಿಗೆ ಹಣೆಯಿಟ್ಟು ಅತ್ತ. ಗುಡ್ಡ ಇಳಿಯುವಾಗ ಅತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಕಾಂತಿಯ ಎದುರಿಗೂ ಅತ್ತಿರಲಿಲ್ಲ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

ಇದನ್ನೂ ಅನುವಾದಿಸಲೆಂದು ಶೆಟ್ಟರು ಬಾಯಿ ತೆರೆದರು. ಕನ್ನಡ ಒದಗಲಿಲ್ಲ. ಮುಚ್ಚಿ, ರಾಷ್ಟ್ರಗೀತೆಗೆ ಸನ್ನೆ ಮಾಡಿದರು. ಸಭೆಯೆಲ್ಲ ಎದ್ದು ನೆಟ್ಟಗೆ ನಿಂತಿತು. ಮುಂದಿನ ಬೆಂಚಿನಲ್ಲಿ ಒಬ್ಬಳು, ಅದರ ಬುಡದಲ್ಲಿ ಒಬ್ಬ, ಇಬ್ಬರೇ ಕೂತಲ್ಲಿಂದ ಏಳಲಿಲ್ಲ.

"ನೋಡಿ ಮಾರಾಯ್ರೇ," ಎಂದು ಶೆಟ್ಟರು ಪತ್ರಿಕೆಯವನನ್ನು ಬಸ್ಸಿಗೆ ಹತ್ತಿಸುವಾಗ ಬೇಸರಪಟ್ಟುಕೊಂಡರು, "ಮಿಲಿಟ್ರಿಗೆ ಹೋಗಿ ಬಂದರೂ ಇವನಿಗೆ ಶಿಸ್ತು ಅಂತ ಒಂದು ಬರಲಿಲ್ಲ."