ಇದ್ದಿಲಿಲ್ಲದ ಇಸ್ತ್ರಿ

ಸಿದ್ದಾಜಮ್ಮ ಇಸ್ತ್ರಿಪೆಟ್ಟಿಗೆಯ ಮುಚ್ಚಳ ಎತ್ತಿ, ಮಂತ್ರಿಗಳ ಸಂದರ್ಶನವಿದ್ದ ಪುಟವನ್ನು ಮಡಚಿ ಒಳಗಿಟ್ಟಳು. ಅಚ್ಚಾದ ಸುಳ್ಳಿಗೆ ಕಾವು ಬರತೊಡಗಿದ ಮೇಲೆ ಬೀದಿಯಲ್ಲಿ ಯಾರೂ ಇದ್ದಿಲು ಕೊಳ್ಳುತ್ತಿರಲಿಲ್ಲ. ಕರವಸ್ತ್ರಕ್ಕೆ ಹವಾಮಾನ ವರದಿಯೇ ಸಾಕು. ಗಂಜಿ ಹಾಕಿದ ಖಾದಿಗೆ ಮಾತ್ರ ಮುಖಪುಟ ಬೇಕು.

ಅಷ್ಟರಲ್ಲಿ ಸುದ್ದಿವಾಹಿನಿಯ ಮ್ಯಾನೇಜರ್ ದೊಡ್ಡದೊಂದು ಟಿವಿ ಹೊರಿಸಿಕೊಂಡು ಬಂದ.

“ಇನ್ನೂ ಪೇಪರ್ ಯಾಕಮ್ಮ? ಇದನ್ನ ಗಾಡಿ ಮೇಲೆ ಇಟ್ಕೊಳ್ಳಿ, ಪುಕ್ಕಟೆ. ದಿನವಿಡೀ ನಮ್ಮ ಯಜಮಾನ್ರು, ಮಂತ್ರಿಗಳು ಇಬ್ರೇ ಮಾತಾಡ್ತಿರ್ತಾರೆ.”

“ಟೀ ಅಂಗಡಿ ಚನ್ನೇಗೌಡ್ರಿಗೂ ಒಂದು ಕೊಟ್ಟಿದ್ರಲ್ಲ ಸಾರ್. ಈಗ ಅಲ್ಲಿ ಬರೀ ಗೋಡೆ ಉಳ್ಕಂಡದೆ.”

“ಅವತ್ತು ಪ್ರಣಾಳಿಕೆ ಓದ್ತಿದ್ರು, ಅದಕ್ಕೆ. ದಿನಾ ಹಂಗಾಗಲ್ಲ.”

ಹದಿನೆಂಟು ವರ್ಷ ಅನ್ನ ಹಾಕಿದ ಗಾಡಿಯನ್ನು ಸಿದ್ದಾಜಮ್ಮ ಒಮ್ಮೆ ಸವರಿದಳು.

“ನಂದು ಮರದ ಗಾಡಿ ಸಾರ್. ಬ್ಯಾಡ, ತಗಂಡೋಗಿ.”