ಅವಲಕ್ಕಿ ಡಬ್ಬಿಯ ಮೂರು ಚೀಟಿ

ಹೈಸ್ಕೂಲಿನ ಪೌರನೀತಿ ಪ್ರಾಕ್ಟಿಕಲ್ ಬಂತೆಂದರೆ ಮಕ್ಕಳಿರುವ ಮನೆಮನೆಯಲ್ಲೂ ಚುನಾವಣೆ. ಗೆದ್ದವರು ಮನೆಯ ಯಜಮಾನರು. ಅವರ ರುಜುವಿಲ್ಲದೆ ಮನೆಯವರು ಕೆಲಸಕ್ಕೂ ಸೇರುವಂತಿಲ್ಲ. ಕುಮುದಾಳ ಮಗಳು ಇಂಚರಾ ಈಗ ಹತ್ತನೇ ಕ್ಲಾಸು. ಈ ಮನೆಗೆ ಇದೇ ಕೊನೆಯ ಚುನಾವಣೆ, ಗೆದ್ದವರು ಕಾಯಂ.

ಹಿಂದಿನ ಎರಡು ವರ್ಷವೂ ಕುಮುದಾ ಗಂಡನ ಹೆಸರನ್ನೇ ಬರೆದಿದ್ದಳು. ಎರಡು ವರ್ಷವೂ ಅವನು ಅವಳ ನರ್ಸ್ ಕೆಲಸದ ಅರ್ಜಿಗೆ "ಮುಂದೆ ನೋಡೋಣ" ಎಂದಿದ್ದ. ಈ ಸಲ ತನ್ನ ಹೆಸರು ಬರೆದು ಅವಲಕ್ಕಿ ಡಬ್ಬಿಗೆ ಹಾಕಿದಾಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಅಮ್ಮಾ, ಎಣಿಕೆ ಹೊತ್ತಲ್ಲಿ ಓಡಾಡಬೇಡ, ನನ್ನ ಮಾರ್ಕ್ಸ್ ಹೋಗುತ್ತೆ," ಎಂದಳು ಇಂಚರಾ. ಅವಳಿಗೆ ಓಟಿಲ್ಲ, ಅವಳು ಚುನಾವಣಾಧಿಕಾರಿ.

"ಸೋಮಶೇಖರ." ಇಂಚರಾ ಮೊದಲ ಚೀಟಿ ಬಿಡಿಸಿ ಓದಿದಳು. ತನ್ನ ಹೆಸರು ಕೇಳಿಯೂ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

"ಕುಮುದಾ."

ಪೇಪರು ಕೆಳಗಿಳಿಯಿತು. "ಏನೇ ಇದು?"

ಉಳಿದದ್ದು ಅತ್ತೆಯ ಚೀಟಿ. ಅದು ಯಾವಾಗಲೂ ಮಗನಿಗೇ. ಕುಮುದಾ ಕಣ್ಣು ಮುಚ್ಚಿದಳು.

"ಪುಟ್ಟತಾಯಮ್ಮ!" ಇಂಚರಾ ನಕ್ಕುಬಿಟ್ಟಳು. "ಅಜ್ಜೀ, ನಿನಗೆ ನೀನೇ ಹಾಕ್ಕೊಂಡ್ಯಾ? ಮೂವರೂ ಸಮ. ಇನ್ನೊಂದು ಸಲ ಓಟು ಹಾಕ್ಬೇಕು."

"ಈ ಮನೆಗೆ ಬಂದು ಐವತ್ತು ವರ್ಷ ಆಯ್ತು. ಒಂದು ಸಲವಾದರೂ ಯಾರಾದರೂ ನನ್ನ ಹೆಸರನ್ನ ಗಟ್ಟಿಯಾಗಿ ಓದಲಿ ಅನ್ನಿಸ್ತು," ಎಂದರು ಅತ್ತೆ. ಮಗನ ಕಡೆ ನೋಡದೆ ಸೊಸೆಯ ಮುಂದೆ ಕೈ ಚಾಚಿದರು. "ಆಸೆ ತೀರಿತು. ಆ ಪೆನ್ಸಿಲ್ ಕೊಡು ಕುಮುದಾ, ಈಗ ಓಟು ಹಾಕ್ತೀನಿ."