ಐದು ತುಂಡು ಬಿಳಿ ಬಟ್ಟೆ

“ಅತ್ತಿಗೆ, ಬಾಗಿಲು ತೆಗೀರಿ! ಅದು ನಮ್ಮ ಹುಡುಗ. ಗಂಡಸರೇ ತೊಳೀಬೇಕು.”

ಹೊರಗೆ ಮೈದುನ ಸೈವಾನ್ ಬಾಗಿಲು ಗುದ್ದುತ್ತಿದ್ದ. ಒಳಗೆ, ಹೆಂಗಸರ ಹೆಣ ತೊಳೆಯುವ ಕೋಣೆಯಲ್ಲಿ, ಗೆಲಾವೇಜ್ ತನ್ನ ಮಗುವಿನ ತಣ್ಣನೆಯ ಪಾದ ಹಿಡಿದು ನಿಂತಿದ್ದಳು. ಗಂಡಾಗಿ ಹುಟ್ಟಿದ ಮಗು; ನಗರ ಸೇರಿ, ಹೇರೋ ಎಂದು ಹೆಸರಿಟ್ಟುಕೊಂಡು ಹೆಣ್ಣಾಗಿ ಬಾಳಿತ್ತು. ಅಮ್ಮನನ್ನು ನೋಡಲು ಬಂದ ದಿನವೇ ಗುಡ್ಡದಾಚೆಯಿಂದ ಶೆಲ್ ಬಿತ್ತು.

ಹೆಣ ತೊಳೆಯುವ ಮುದುಕಿ ಖಾವೆರ್ ತೋಳಿನ ಬಟ್ಟೆ ಮೇಲೇರಿಸಿಕೊಂಡಳು. ಸೈನ್ಯ ಸುಟ್ಟ ಯಾವುದೋ ಹಳ್ಳಿಯಿಂದ ಹರೆಯದಲ್ಲಿ ಒಬ್ಬಳೇ ಬಂದವಳು. ಅವಳ ಬಾಲ್ಯ ಬಲ್ಲವರು ಯಾರೂ ಉಳಿದಿರಲಿಲ್ಲ. ಮದುವೆಯಾಗಲಿಲ್ಲ. ಊರ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಗೆ ಎಂದೂ ಕಾಲಿಟ್ಟವಳಲ್ಲ. ಹೆಣ ಮುಟ್ಟುವ ಕೈ, ಅದಕ್ಕೇ ಬರುವುದಿಲ್ಲ ಎಂದು ಊರು ತಾನೇ ಅರ್ಥ ಮಾಡಿಕೊಂಡಿತ್ತು.

ಮುದುಕಿ ಹೊದಿಕೆ ಸರಿಸಿದಳು. ಬಹಳ ಹೊತ್ತು ನೋಡಿದಳು.

ಗೆಲಾವೇಜಳ ಕಣ್ಣು ಹೆಣಕ್ಕೆ ಸುತ್ತುವ ಕಫನಿನ ಬಟ್ಟೆಯ ಮೇಲಿತ್ತು. ಗಂಡಿಗೆ ಮೂರು ತುಂಡು, ಹೆಣ್ಣಿಗೆ ಐದು. ಮುದುಕಿ ಹರಿಯತೊಡಗಿದಳು. ಒಂದು. ಎರಡು. ಮೂರು. ಕೈ ನಿಂತಿತು.

ನಾಲ್ಕು. ಐದು.

ಆಮೇಲೆ ಬಾಗಿಲು ತುಸು ತೆರೆದಳು.

“ನಾನು ನೋಡಿದೆ, ಸೈವಾನ್. ಹೆಣ್ಣು. ದೇವರ ಮುಂದೆ ಹೇಳ್ತಿದ್ದೀನಿ. ಸಾಲದಾದರೆ ನೀನೇ ಒಳಗೆ ಬಂದು ಹೆಂಗಸರ ಮೈ ನೋಡ್ತೀಯೇನಪ್ಪ?”

ಅವನು ತಲೆ ತಗ್ಗಿಸಿ ಹೊರಟುಹೋದ.

“ನನ್ನ ಮಗಳಿಗೋಸ್ಕರ ಸುಳ್ಳು ಹೇಳಿದಿರಿ, ಅಮ್ಮಾ.”

“ಹೆಣದ ಮುಂದೆ ನಾನು ಸುಳ್ಳು ಹೇಳೋಳಲ್ಲ. ದೇವರು ಕೊಟ್ಟಿದ್ದು, ದೇವರಿಗೇ ಒಪ್ಪಿಸ್ತಿದ್ದೀವಿ. ಬಲಗಡೆಯಿಂದ ನೀರು ಹುಯ್ಯಿ.”

“ನನ್ನ ಕೈಲಾಗಲ್ಲ.”

“ಕಲಿ. ನಾಳೆ ನಾನು ಸತ್ತರೆ ತೊಳೆಯೋಕೆ ನನಗ್ಯಾರಿದ್ದಾರೆ? ನೀನೇ ಬರಬೇಕು.”

ಹೆತ್ತ ಹೊಟ್ಟೆ ಉರಿಯುತ್ತಿರುವಾಗ ಇವಳಿಗೆ ತನ್ನ ಸಾವಿನ ಚಿಂತೆ! ಎಂಥ ಕಲ್ಲೆದೆ ಎಂದುಕೊಂಡಳು ಗೆಲಾವೇಜ್. ಆದರೂ ಮಾತು ಕೊಟ್ಟಳು. ಬಲಗಡೆಯಿಂದ ನೀರು ಹುಯ್ದಳು.

ಮುಂದಿನ ಚಳಿಗಾಲದಲ್ಲಿ ಖಾವೆರ್ ತೀರಿಕೊಂಡಳು. ಅಳುವವರು ಇರಲಿಲ್ಲ. ಕೊಟ್ಟ ಮಾತಿನಂತೆ ಗೆಲಾವೇಜ್ ನೀರು ಕಾಯಿಸಿ, ಬಿಸ್ಮಿಲ್ಲಾ ಎಂದು ಹೊದಿಕೆ ಸರಿಸಿದಳು. ತಟ್ಟನೆ ಮತ್ತೆ ಮುಚ್ಚಿದಳು.

“ಒಬ್ಬಳ ಕೈಲಿ ಆಗುತ್ತೇನೇ? ನಾವೂ ಬರ್ತೀವಿ,” ಹೊರಗಿನಿಂದ ನೆರೆಯ ಹೆಂಗಸರು ಕೂಗಿದರು.

“ಬೇಡ,” ಎಂದು ಗೆಲಾವೇಜ್ ಚಿಲಕ ಹಾಕಿದಳು. ತನ್ನ ಹೇರೋಳ ಹಾಗೆಯೇ ಗಂಡಾಗಿ ಹುಟ್ಟಿದ್ದ ಆ ಮುದುಕಿಗೆ ಐದು ತುಂಡು ಬಟ್ಟೆ ಹರಿದಳು.